ಸೂಜಿ ನಡೆದ ದಾರಿ

ಧಾರವಾಡದ ಕಸೂತಿಯಲ್ಲಿ ಗವಂತಿ ಎಂಬ ಹೊಲಿಗೆಯಿದೆ. ಸೂಜಿ ಬಟ್ಟೆಯ ಮೇಲೆ ಒಂದು ಪುಟ್ಟ ಗೆರೆ ಎಳೆದು, ಅಷ್ಟೇ ದೂರ ಅಡಿಯಲ್ಲಿ ಸಾಗಿ ಮತ್ತೆ ಮೇಲೆದ್ದು ಬರುತ್ತದೆ. ಹೋಗುವಾಗ ಗೆರೆ ಗೆರೆಯ ನಡುವೆ ಖಾಲಿ ಜಾಗ ಉಳಿಯುತ್ತದೆ. ತಿರುಗಿ ಬರುವಾಗ ಸೂಜಿ ಅವೇ ತೂತುಗಳಲ್ಲಿ ಹತ್ತಿ ಇಳಿದು ಆ ಖಾಲಿ ಜಾಗಗಳನ್ನು ತುಂಬುತ್ತದೆ. ಎಲ್ಲೂ ಗಂಟು ಬೀಳುವುದಿಲ್ಲ. ಕೆಲಸ ಮುಗಿದ ಮೇಲೆ ಬಟ್ಟೆಯ ಒಳಮೈ ಯಾವುದು, ಹೊರಮೈ ಯಾವುದು ಎಂದು ಹೇಳಲಾಗದು.

ವಿನ್ಯಾಸವನ್ನೇ ವೃತ್ತಿಯಾಗಿ ಮಾಡಿಕೊಂಡ ನನಗೆ ಇದು ಇಂದಿಗೂ ಬೆರಗು. ಕಸೂತಿ ಹಾಕುವ ಹೆಣ್ಣುಮಗಳು ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ, ಅಚ್ಚು ಒತ್ತಿಕೊಳ್ಳುವುದಿಲ್ಲ. ಹಾಸಿನ ಎಳೆ ಇಷ್ಟು, ಹೊಕ್ಕಿನ ಎಳೆ ಇಷ್ಟು ಎಂದು ಎಣಿಸುತ್ತಾ ಹೋಗುತ್ತಾಳೆ. ಒಂದೆಳೆ ತಪ್ಪಿದರೆ ಗೋಪುರದ ಹೆಗಲು ವಾಲುತ್ತದೆ, ತೇರಿನ ಗಾಲಿ ಸೊಟ್ಟಗಾಗುತ್ತದೆ. ಕಪ್ಪು ಬಣ್ಣದ ಚಂದ್ರಕಾಳಿ ಸೀರೆಯ ಮೇಲೆ ಎಳೆ ಎಣಿಸುವುದೆಂದರೆ ಕಣ್ಣಿಗೆ ಎಂಥ ಪರೀಕ್ಷೆ ಎಂಬುದನ್ನು ಹತ್ತಿರ ಕೂತು ನೋಡಿದವರೇ ಬಲ್ಲರು.

ಇದರೊಳಗೆ ಒಂದು ಗಣಿತವೂ ಇದೆ. ತೇರಿನ ಚಿತ್ರವೆಂದರೆ ಒಂದೇ ಗೆರೆಯಲ್ಲ. ನಡುಗಂಬದಿಂದ ಕಳಶ ಕವಲೊಡೆಯುತ್ತದೆ, ಪತಾಕೆ ಕವಲೊಡೆಯುತ್ತದೆ, ಕೆಳಗೆ ಗಾಲಿಗಳಿವೆ. ಒಂದೇ ದಾರ ಇಷ್ಟೂ ಕವಲುಗಳನ್ನು ಹೊಕ್ಕು ಹೊರಬಂದು ಹೊರಟಲ್ಲಿಗೇ ಮರಳಬೇಕು. ಯಾವ ಕವಲನ್ನು ಹೋಗುವಾಗ ಮುಗಿಸಬೇಕು, ಯಾವುದನ್ನು ಬರುವಾಗಿನ ದಾರಿಗೆ ಉಳಿಸಬೇಕು ಎಂಬ ಲೆಕ್ಕ ಮೊದಲೇ ಮನಸ್ಸಿನಲ್ಲಿರಬೇಕು. 1736ರಲ್ಲಿ ಗಣಿತಜ್ಞ ಆಯ್ಲರ್, ಕ್ಯೋನಿಗ್ಸ್‌ಬರ್ಗ್ ಊರಿನ ಏಳು ಸೇತುವೆಗಳನ್ನು ಒಂದೊಂದೇ ಸಲ ದಾಟಿ ಊರು ಸುತ್ತಲು ಸಾಧ್ಯವಿಲ್ಲವೆಂದು ತೋರಿಸಿದ. ಆದರೆ ಪ್ರತಿ ಸೇತುವೆಯನ್ನು ಎರಡೆರಡು ಸಲ ದಾಟಬಹುದು ಎಂದಾದರೆ, ಯಾವ ಊರಾದರೂ ಸರಿ, ಹೊರಟ ಜಾಗಕ್ಕೆ ಮರಳುವ ದಾರಿ ಇದ್ದೇ ಇರುತ್ತದೆ. ಗವಂತಿ ನಿಂತಿರುವುದು ಇದೇ ಸತ್ಯದ ಮೇಲೆ. ಪ್ರತಿ ಗೆರೆಯನ್ನೂ ದಾರ ಎರಡು ಸಲ ನಡೆಯುತ್ತದೆ, ಒಮ್ಮೆ ಮೇಲೆ, ಒಮ್ಮೆ ಕೆಳಗೆ. ನಮ್ಮ ಅಜ್ಜಿಯರ ಬೆರಳುಗಳಿಗೆ ಈ ಸತ್ಯ ಗೊತ್ತಿತ್ತು. ಒಬ್ಬಳು ಇನ್ನೊಬ್ಬಳಿಗೆ ಅದನ್ನು ಕೂತಲ್ಲೇ ಕಲಿಸಿದಳು.

ಕಸೂತಿ ಬಹುಕಾಲ ಆಸರೆ ಪಡೆದದ್ದು ಇಳಕಲ್ಲಿನ ಸೀರೆಯಲ್ಲಿ. ಆ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯದಾದರೆ ಸೆರಗು ಸಾಮಾನ್ಯವಾಗಿ ರೇಷ್ಮೆಯದು. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸಿದ ಮೇಲೆಯೇ ಮಗ್ಗದ ಸದ್ದು ಶುರುವಾಗುವುದು. ಮುಂದೆ ಕಸೂತಿ ಹಾಕುವವಳು ಎಣಿಸುವುದು ನೇಕಾರ ಕೊಟ್ಟ ಎಳೆಗಳನ್ನೇ. ಅವನ ನೇಯ್ಗೆ ಸಮನಾಗಿದ್ದರೆ ಮಾತ್ರ ಅವಳ ಗೋಪುರ ನೇರ ನಿಲ್ಲುತ್ತದೆ. ಒಬ್ಬರನ್ನೊಬ್ಬರು ಕಾಣದ ಎಷ್ಟೋ ಜನ ಒಂದೇ ಸೀರೆಯ ಮೇಲೆ ಕೂಡಿ ದುಡಿದಿರುತ್ತಾರೆ.

ಹಾಗಾದರೆ ಕಸೂತಿಯ ವಿನ್ಯಾಸಕರು ಯಾರು? ಉತ್ತರದ ಸುಳಿವು ಒಂದು ಹಳೆಯ ವರದಿಯಲ್ಲಿದೆ. 1958ರಲ್ಲಿ ಅಮೆರಿಕದ ವಿನ್ಯಾಸಕ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ ನಮ್ಮ ಸರ್ಕಾರದ ಕರೆಯ ಮೇಲೆ ಬಂದು, ದೇಶ ಸುತ್ತಿ ಒಂದು ವರದಿ ಬರೆದುಕೊಟ್ಟರು. ಅಹಮದಾಬಾದಿನಲ್ಲಿ 1961ರಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಲು ಆ ವರದಿಯೇ ಬುನಾದಿ. ಕಂಡ ವಸ್ತುಗಳಲ್ಲೆಲ್ಲ ಅವರು ಅತಿಯಾಗಿ ಮೆಚ್ಚಿದ್ದು ನಾವು ದಿನವೂ ಮುಟ್ಟುವ ತಂಬಿಗೆಯನ್ನು. ಯಾರೋ ಒಬ್ಬರು ಕೂತು ರೂಪಿಸಿದ್ದಲ್ಲ ಅದು, ತಲೆಮಾರುಗಳ ಜನ ಬಳಸುತ್ತಾ ತಿದ್ದಿದ್ದು ಎಂಬುದು ಅವರಿಗೆ ಕಂಡ ದೊಡ್ಡ ಪಾಠ. ಕಸೂತಿಗೂ ಈ ಮಾತು ಸಲ್ಲುತ್ತದೆ. ತುಳಸಿಕಟ್ಟೆ, ಅಂಬಾರಿ ಹೊತ್ತ ಆನೆ, ನವಿಲು, ತೊಟ್ಟಿಲು ಇವೆಲ್ಲ ಅಂಗಳದಿಂದ, ಜಾತ್ರೆಯಿಂದ, ಬಾಣಂತಿಕೋಣೆಯಿಂದ ಬಟ್ಟೆಗೆ ನಡೆದುಬಂದವು. ರೂಪ ಎಲ್ಲರದು. ಕೈ ಮಾತ್ರ ಅವರವರದು. ಒಂದೇ ನವಿಲನ್ನು ಇಬ್ಬರು ಹಾಕಿದರೂ ದಾರದ ಬಿಗಿ ಬೇರೆ, ಮೂಲೆ ತಿರುಗಿಸುವ ರೀತಿ ಬೇರೆ.

ನನ್ನಂಥವರು ಕಸೂತಿ ಹಾಕುವವರ ಜೊತೆ ಕೆಲಸ ಮಾಡಬೇಕೆಂದು ಹೊರಟಾಗ ನೆನಪಿಡಬೇಕಾದದ್ದು, ರೂಪ ಎಲ್ಲರದು ಎಂಬುದನ್ನೇ. ಕಂಪ್ಯೂಟರಿನಲ್ಲಿ ಬಳುಕುವ ಬಳ್ಳಿಯೊಂದನ್ನು ಬರೆದು ಒಯ್ದರೆ ಬಟ್ಟೆ ಅದನ್ನು ಒಪ್ಪುವುದಿಲ್ಲ. ಎಳೆ ಎಣಿಸುವ ಕಲೆಯಲ್ಲಿ ಗೆರೆ ಅಡ್ಡ ಹೋಗಬಹುದು, ಉದ್ದ ಹೋಗಬಹುದು, ಓರೆ ಹೋಗಬಹುದು, ಬಳುಕಲಾರದು. ನವಿಲಿನ ಕೊರಳೂ ಮೆಟ್ಟಿಲು ಮೆಟ್ಟಿಲಾಗಿಯೇ ಏರಬೇಕು. ಇದು ಈ ಕಲೆಯ ವ್ಯಾಕರಣ, ಇದರ ಚೆಲುವೂ ಇದರಲ್ಲೇ ಇದೆ. ಹೊಸದೇನನ್ನಾದರೂ ಸೇರಿಸುವ ಹಕ್ಕು ಹುಟ್ಟುವುದು ಮೊದಲು ಚಾಪೆಯ ಮೇಲೆ ಅವರ ಪಕ್ಕ ಕೂತು ಎಳೆ ಎಣಿಸಲು ಕಲಿತವರಿಗೆ. ಹಾಗೆ ಕಲಿತ ಮೇಲೆ ನಾವು ತರುವ ಹೊಸ ಬಣ್ಣ, ಹೊಸ ಬಟ್ಟೆ, ಹೊಸ ಮಾರುಕಟ್ಟೆ ಎಲ್ಲಕ್ಕೂ ಅಲ್ಲಿ ಜಾಗವಿದೆ.

ಬೆರಗು ಅಲ್ಲಿಗೇ ನಿಂತರೆ ಸಾಲದು. ಯಂತ್ರದಲ್ಲಿ ಹೊಲಿದ, ಅಚ್ಚು ಹಾಕಿದ ಕಸೂತಿ ಇಂದು ಅಗ್ಗವಾಗಿ ಸಿಗುತ್ತದೆ. ಕಸೂತಿಗೆ ಸಿಕ್ಕಿರುವ ಭೌಗೋಳಿಕ ಸೂಚಿಕೆಯ (ಜಿಐ) ಮಾನ್ಯತೆ ಅದರ ಹೆಸರನ್ನು ಕಾಯುತ್ತದೆ, ಕೈಯ ಕೂಲಿಯನ್ನು ಕಾಯುವುದಿಲ್ಲ. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಚುಕ್ಕಾಣಿ ಹಿಡಿದು, ಕುಶಲಕರ್ಮಿಗೆ ಮಾರುಕಟ್ಟೆಯೂ ಬೇಕು, ಮರ್ಯಾದೆಯೂ ಬೇಕು ಎಂದು ಬಾಳೆಲ್ಲ ದುಡಿದರು. ಆ ಕೆಲಸ ಇನ್ನೂ ಅರ್ಧದಲ್ಲಿದೆ. ಚಿತ್ರಕಾರ ತನ್ನ ಚಿತ್ರಕ್ಕೆ ಸಹಿ ಹಾಕುತ್ತಾನೆ, ವಿನ್ಯಾಸಕರ ಹೆಸರು ಉಡುಪಿನ ಲೇಬಲ್ಲಿನ ಮೇಲೆ ಮಿಂಚುತ್ತದೆ. ವಾರಗಟ್ಟಲೆ ಎಳೆ ಎಣಿಸಿದವಳ ಹೆಸರು ಮಾತ್ರ ಸಾಮಾನ್ಯವಾಗಿ ಎಲ್ಲೂ ಇರುವುದಿಲ್ಲ.

ಅದಕ್ಕೇ ಇಷ್ಟು ಕೇಳಿಕೊಳ್ಳುತ್ತೇನೆ. ಕಸೂತಿಯ ಸೀರೆಯನ್ನೋ ಕುಪ್ಪಸವನ್ನೋ ಕೊಳ್ಳುವವರು ಇದನ್ನು ಯಾರು ಹಾಕಿದರು, ಎಷ್ಟು ದಿನ ಹಿಡಿಯಿತು ಎಂದು ಅಂಗಡಿಯವರನ್ನು ಕೇಳಿ. ಮಾರುವವರು ಬೆಲೆಯ ಚೀಟಿಯ ಮೇಲೆ ಕಸೂತಿ ಹಾಕಿದವಳ ಹೆಸರನ್ನೂ ಬರೆಯಿರಿ, ದಿನದ ಲೆಕ್ಕದಲ್ಲಿ ಕೂಲಿ ಕೊಡಿ. ಇನ್ನು ವಿನ್ಯಾಸಕರು ನಾವು, ನಮ್ಮ ಹೆಸರು ಹಾಕಿಕೊಳ್ಳುವ ಪ್ರತಿ ಕಡೆಯಲ್ಲೂ ಆಕೆಯ ಹೆಸರನ್ನು ಮೊದಲು ಹಾಕೋಣ.