ಹೊಲಿಗೆ ಯಾರದು?

1722ರ ಮೇ ತಿಂಗಳು. ಡಚ್ ನಾವಿಕ ಯಾಕೊಬ್ ರೊಖೆವೇನ್‌ನ ಮೂರು ಹಡಗುಗಳಲ್ಲಿ ಒಂದು ಶಾಂತಸಾಗರದ ಟಕಪೊಟೊ ಎಂಬ ಹವಳದ ದ್ವೀಪಕ್ಕೆ ಬಡಿದು ಒಡೆಯಿತು. ಐವರು ಅಲ್ಲೇ ಉಳಿದರು. ಮಿಕ್ಕವರು ಬೇರೆ ಹಡಗು ಹತ್ತಿ ಹೊರಟರು. ಒಡೆದ ಹಡಗನ್ನು ಅವರು ನಷ್ಟದ ಬಾಬ್ತಿಗೆ ಬರೆದುಕೊಂಡರು.

ಟಕಪೊಟೊ ಇರುವ ಟುವಾಮೊಟು ದ್ವೀಪಸಾಲಿನಲ್ಲಿ ಹವಳ, ಮರಳು, ತೆಂಗು ಬಿಟ್ಟರೆ ಹೆಚ್ಚೇನಿಲ್ಲ. ಬಾಚಿ ಮಾಡಿಕೊಳ್ಳಲು ಗಟ್ಟಿ ಕಲ್ಲೂ ಇಲ್ಲ. ಹಾಗಾಗಿ ಕೊಟ್ಟು ಕೊಳ್ಳದೆ ಅಲ್ಲಿ ಬದುಕು ನಡೆಯದು. ಮುತ್ತು, ಚಾಪೆ, ನಾಯಿಯ ಬಿಳಿಗೂದಲು ಅಲ್ಲಿಂದ ದೋಣಿಯೇರಿ ಐನೂರು ಕಿಲೋಮೀಟರಿಗೂ ಆಚೆಯ ಟಹೀಟಿ ಸೇರುತ್ತಿದ್ದವು. ಆ ಸಾಲಿನಲ್ಲಿ ದೊರೆತ ಹಳೆಯ ಬಾಚಿಯೊಂದರ ಕಲ್ಲು ಸುಮಾರು 4000 ಕಿಲೋಮೀಟರ್ ದೂರದ ಹವಾಯಿಯದು. ಇಷ್ಟು ಸವೆದ ದಾರಿಯಲ್ಲಿ ಡಚ್ಚರ ಕಬ್ಬಿಣವೂ ಸಾಗಿತು.

1765ರಲ್ಲಿ ‘ಡಾಲ್ಫಿನ್’ ಎಂಬ ಬ್ರಿಟಿಷ್ ಹಡಗಿನ ಕಪ್ತಾನ ಬೈರನ್, ನೆರೆಯ ಟಕರೊವಾದಲ್ಲಿ ಡಚ್ ದೋಣಿಯ ಚುಕ್ಕಾಣಿಯ ತುಂಡನ್ನೂ ಬಡಿದ ಕಬ್ಬಿಣವನ್ನೂ ಕಂಡ. ಎರಡೇ ವರ್ಷಕ್ಕೆ ಅದೇ ಹಡಗು ವಾಲಿಸ್‌ನ ಕೈಕೆಳಗೆ ಟಹೀಟಿಗೆ ಬಂತು. ಅಲ್ಲಿಗೆ ಬಂದ ಮೊದಲ ಯುರೋಪಿನ ಹಡಗು ಅದು. ಆದರೆ ದ್ವೀಪದವರಿಗೆ ಕಬ್ಬಿಣದ ಬೆಲೆ ಆಗಲೇ ಗೊತ್ತಿತ್ತು. ತಾವೇ ಮೊದಲಿಗರೆಂದು ಬಂದವರಿಗಿಂತ ಮುಂಚೆ, ದಿನಚರಿ ಬರೆಯದ ಕೈಗಳು ಅದನ್ನು ಅಲ್ಲಿಗೆ ದಾಟಿಸಿದ್ದವು.

ಮುಂದೆ ನಡೆದದ್ದು ವಿಚಿತ್ರ. ಹೆಣ್ಣಿನ ಸಂಗಕ್ಕೆ ಮೊಳೆಯೇ ನಾಣ್ಯವಾಯಿತು. ನಾವಿಕರು ತಮ್ಮ ಹಡಗಿನ ಮೊಳೆಗಳನ್ನೇ ಕಿತ್ತು ಕೊಟ್ಟರು. ತೂಗುಹಾಸಿಗೆ ಕಟ್ಟಲೂ ಮೊಳೆ ಉಳಿಯದೆ ಬರೀ ಹಲಗೆಯ ಮೇಲೆ ಮಲಗಿದರು. ಕಬ್ಬಿಣದ ಆಸೆ ದ್ವೀಪದವರದು ಎಂದು ನಕ್ಕವರು, ಆಸೆಗೆ ಬಿದ್ದು ತಮ್ಮ ಹಡಗನ್ನೇ ಸಡಿಲ ಮಾಡಿಕೊಂಡಿದ್ದರು.

ವಾಲಿಸ್ ಬಿಟ್ಟುಹೋದದ್ದು ಮೊಳೆಗಳನ್ನಷ್ಟೇ ಅಲ್ಲ. ತೋಪು ಹಾರಿಸಿ ಜನರನ್ನು ಕೊಂದ ಮೇಲೆ, ದ್ವೀಪ ತನ್ನ ದೊರೆಯದೆಂದು ಸಾರಲು ಕೆಂಪು ಬಾವುಟವೊಂದನ್ನು ನೆಡಿಸಿದ. ಟಹೀಟಿಯವರು ಅದನ್ನು ಇಳಿಸಿ, ಅರಸರು ಪಟ್ಟಕ್ಕೇರುವಾಗ ಉಡುವ ಕೆಂಪು ಗರಿಯ ಪವಿತ್ರ ಪಟ್ಟಿಗೆ ಸೇರಿಸಿ ಹೊಲಿದರು. 1777ರಲ್ಲಿ ಬ್ರಿಟಿಷ್ ನಾವಿಕ ಕುಕ್ ಆ ಪಟ್ಟಿಯನ್ನು ಕಂಡ. 1792ರಲ್ಲಿ ಇನ್ನೊಬ್ಬ ಬ್ರಿಟಿಷ್ ನಾವಿಕ ಬ್ಲೈ ಅದರ ಚಿತ್ರ ಬರೆದ. ಒಡೆತನ ಸಾರಲು ಬಂದ ಬಟ್ಟೆ, ಒಡೆತನ ಯಾರದೋ ಅವರ ನಡುವನ್ನೇ ಸುತ್ತಿತು.

ಹೊಲಿಗೆ ತೋಪನ್ನು ತಡೆಯಲಿಲ್ಲ. 1842ರಲ್ಲಿ ಟಹೀಟಿ ಫ್ರೆಂಚರ ‘ರಕ್ಷಣೆ’ಗೆ ಒಳಗಾಯಿತು. ಆದರೂ ಆ ಪಟ್ಟಿ ಒಂದು ಮಾತು ಹೇಳುತ್ತದೆ. ಹೊರಗಿನದನ್ನೆಲ್ಲ ಮೈಲಿಗೆಯೆಂದು ದೂಡುವವರೂ, ಹೊರಗಿನದೆಂದೇ ತಲೆಯ ಮೇಲೆ ಹೊರುವವರೂ ಕೇಳುವ ಪ್ರಶ್ನೆ ಒಂದೇ: ಬಟ್ಟೆ ಎಲ್ಲಿಯದು? ದ್ವೀಪದವರ ಸೂಜಿ ಕೇಳಿದ್ದು ಬೇರೆ: ಹೊಲಿಗೆ ಯಾರದು?