ಪಳೆಯುಳಿಕೆ ಮತ್ತು ವಿಶ್ವಾಸ

ಮಗಳು ಎಂ.ಎಸ್ಸಿ. ಮುಗಿಸಿ ಪಳೆಯುಳಿಕೆಗಳ ಸಂಶೋಧನೆಗೆ ಹೊರಟರೆ ವಿಶ್ವಾಸ ಕಳೆದುಕೊಳ್ಳುತ್ತಾಳೆಂಬ ಅಂಜಿಕೆ ವೈಟ್‌ಫೀಲ್ಡ್, ಪೀಣ್ಯದ ಕೆಲವು ತಂದೆತಾಯಿಗಳಿಗಿದೆ. ಪ್ರಿಯರೇ, ಸೃಷ್ಟಿಕರ್ತ ಯಾರೆಂದು ಆದಿಕಾಂಡ ತಿಳಿಸುತ್ತದೆ, ಬಂಡೆಯ ವಯಸ್ಸನ್ನಲ್ಲ. ನಮ್ಮ ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ. ಭೂಗರ್ಭದ ಕಾವಿನಲ್ಲಿ ಬೆಂದ ಅಂಥ ಕಲ್ಲಿನಲ್ಲಿ ಪಳೆಯುಳಿಕೆ ಸಿಗದು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಧ್ಯಾಪಕ ಎಲ್. ರಾಮರಾಯರು ಅಧ್ಯಯನ ಮಾಡಿದ್ದು ತಿರುಚಿರಾಪಳ್ಳಿ ಸೀಮೆಯ ನಿನಿಯೂರಿನ ಕಲ್ಲುಗಳನ್ನು. ಅವು ಒಂದು ಕಾಲಕ್ಕೆ ಸಮುದ್ರದಡಿಯ ಕೆಸರು. ಅದರಲ್ಲಿ ಉಳಿದ ಪಾಚಿಯ ಗುರುತುಗಳ ಬಗ್ಗೆ 1936ರಲ್ಲಿ ಆಸ್ಟ್ರಿಯಾದ ಯೂಲಿಯಸ್ ಪಿಯಾ ಅವರೊಡನೆ ಬರೆದರು. ಬರೀ ಪಾಚಿಗೆ ಎಷ್ಟು ತಾಳ್ಮೆ!

ಮಾನವ ದೇಹದ ಉಗಮವನ್ನು ಬಲ್ಲವರು ಸಂಶೋಧಿಸಲು ಧರ್ಮಸಭೆಯ ಅಡ್ಡಿಯಿಲ್ಲ, ಆತ್ಮವನ್ನು ಮಾತ್ರ ದೇವರೇ ನೇರವಾಗಿ ಸೃಷ್ಟಿಸುತ್ತಾರೆ ಎಂದು ಜಗದ್ಗುರು ಹನ್ನೆರಡನೇ ಪಿಯುಸ್ 1950ರಲ್ಲೇ ತಿಳಿಸಿದರು. ವಿಕಾಸವಾದ ಬರೀ ಊಹೆಯಲ್ಲವೆಂದು 1996ರಲ್ಲಿ ಎರಡನೇ ಜಾನ್ ಪಾಲರು ಒಪ್ಪಿದರು. ಆತ್ಮ ಕಲ್ಲಿನಲ್ಲಿ ಅಚ್ಚಾಗುವುದಿಲ್ಲ. ಸಂಶೋಧಕಿಯ ಸುತ್ತಿಗೆ ಅದನ್ನು ಹುಡುಕಲಾರದು, ಇಲ್ಲವೆನ್ನಲೂ ಆರದು.

ಅಂಜಿಕೆಯ ಬೇರು ಬೇರೆಡೆ ಇದ್ದೀತು: ಈ ಓದಿಗೆ ಕೆಲಸ ಸಿಗುವುದೇ? ಕಾರ್ಖಾನೆಯಲ್ಲಿ ದುಡಿದು ಓದಿಸಿದವರಿಗೆ ಅದು ನ್ಯಾಯವಾದ ಚಿಂತೆ. ಅದನ್ನೇ ಮಗಳೊಡನೆ ಮಾತಾಡಿ, ದೇವರನ್ನು ನಡುವೆ ತರಬೇಡಿ. ಸಂಬಳದ ಲೆಕ್ಕ ಅವಳಿಗೂ ಗೊತ್ತು.