ಕಟ್ಟೆಯಿಲ್ಲದ ಬಾವಿಗಳು

2020ರ ನವೆಂಬರ್ 19ರಂದು ತಮಿಳುನಾಡಿನ ಧರ್ಮಪುರಿ ಜಿಲ್ಲೆಯ ಪಂಚಪಳ್ಳಿಯಲ್ಲಿ ಕಾಡಾನೆಯೊಂದು ಹೊಲದ ಬಾವಿಗೆ ಬಿತ್ತು. ಬಾವಿಯ ಆಳ ಸುಮಾರು 50 ಅಡಿ. ಅರಣ್ಯ ಇಲಾಖೆಯವರು, ಅಗ್ನಿಶಾಮಕ ದಳದವರು, ಪಶುವೈದ್ಯರು ಸೇರಿ ಸುಮಾರು 16 ಗಂಟೆ ಹೆಣಗಿದರು. ಮಂಪರಿನ ಮದ್ದು ಕೊಟ್ಟು, ಬೆಲ್ಟು ಬಿಗಿದು, ಕ್ರೇನಿನಿಂದ ಮೇಲೆತ್ತಿದರು. ಆನೆ ಉಳಿಯಿತು. ಆ ವಿಡಿಯೊ ಇಲ್ಲಿ ಅಮೆರಿಕದಲ್ಲಿರುವ ನಮ್ಮ ಕನ್ನಡ ಬಳಗದ ಅನೇಕರ ಫೋನಿಗೂ ಬಂದಿತ್ತು, ನೋಡಿ ಕಣ್ಣೊರೆಸಿಕೊಂಡವರಿದ್ದಾರೆ.

ಆ ಸೀಮೆ ನಮಗೆ ಹೊರಗಿನದಲ್ಲ. 1965ರವರೆಗೆ ಧರ್ಮಪುರಿ ಸೇಲಂ ಜಿಲ್ಲೆಯೊಳಗೇ ಇತ್ತು. ಸೇಲಂನ ದೇವಾಂಗ ನೇಕಾರರ ಮನೆಗಳಲ್ಲಿ, ಪಂಚಪಳ್ಳಿ, ಮಾರಂಡಹಳ್ಳಿ ಕಡೆಯ ಹಳ್ಳಿಗಳಲ್ಲಿ ಕನ್ನಡ ಇಂದಿಗೂ ಅಡುಗೆಮನೆಯ ಮಾತು. ಬನ್ನೇರುಘಟ್ಟ, ಕಾವೇರಿ ಕಾಡುಗಳಿಂದ ಹೊರಟ ಆನೆಗಳು ರಾಗಿ ತೆನೆ ಬಲಿಯುವ ಹೊತ್ತಿಗೆ ಜವಳಗಿರಿ, ದೇಂಕಣಿಕೋಟೆಯ ಹಾದಿಯಲ್ಲಿ ಆ ಕಡೆ ಇಳಿಯುತ್ತವೆ. ರಾಜ್ಯದ ಗಡಿ ಅವಕ್ಕೆ ಇಲ್ಲ. ರಾತ್ರಿ ರಾಗಿ ಹೊಲಕ್ಕೆ ನುಗ್ಗಿದ ಆನೆ ಬೆಳಕಾಗುವ ಮುಂಚೆ ಕಾಡು ಸೇರಬೇಕು. ಜನ ತಮಟೆ ಬಡಿದು, ಪಟಾಕಿ ಹೊಡೆದು ಅಟ್ಟುತ್ತಾರೆ. ಆ ಕತ್ತಲಲ್ಲಿ, ಆ ಗಾಬರಿಯಲ್ಲಿ ಕಾಲಕೆಳಗೆ ಬಾವಿ ಬಾಯಿ ತೆರೆದಿರುತ್ತದೆ.

ನಾವೀಗಿರುವ ಮಿನ್ನೆಸೋಟದಲ್ಲೂ ಪ್ರಾಣಿಗಳು ಹೀಗೆ ಸಿಕ್ಕಿಬೀಳುತ್ತವೆ. ಚಳಿಗಾಲ ಬಂತೆಂದರೆ ಹೆಪ್ಪುಗಟ್ಟಿದ ಕೆರೆಯಲ್ಲಿ ನಾಯಿ, ಜಿಂಕೆ ಸಿಕ್ಕಿಕೊಂಡ ಸುದ್ದಿ ಕೇಳುತ್ತಲೇ ಇರುತ್ತೇವೆ. ನಡೆದಾಡಲು ಕನಿಷ್ಠ 4 ಇಂಚು ದಪ್ಪದ ಗಟ್ಟಿ ಮಂಜುಗಡ್ಡೆ ಬೇಕೆಂದು ಇಲ್ಲಿನ ನೈಸರ್ಗಿಕ ಸಂಪನ್ಮೂಲ ಇಲಾಖೆ ಪ್ರತಿ ವರ್ಷ ಸಾರುತ್ತದೆ. ನಾಯಿ ಬಿದ್ದರೆ ಹಿಂದೆಯೇ ಧುಮುಕಬೇಡಿ, 911ಕ್ಕೆ ಕರೆ ಮಾಡಿ ಎಂದೂ ಹೇಳುತ್ತದೆ. ನೀರು ಒಳಗಿಳಿಯದ ಉಡುಪು ತೊಟ್ಟ ಅಗ್ನಿಶಾಮಕ ಸಿಬ್ಬಂದಿ ಸೊಂಟಕ್ಕೆ ಹಗ್ಗ ಬಿಗಿದುಕೊಂಡು, ಭಾರ ಒಂದೇ ಕಡೆ ಬೀಳದಂತೆ ಮೈಚಾಚಿ ತೆವಳುತ್ತ ಹೋಗುತ್ತಾರೆ. ಪ್ರಾಣಿಯನ್ನು ಸೋಲಿಸುವುದು ನೀರಿನ ಆಳಕ್ಕಿಂತ ಹೆಚ್ಚಾಗಿ ಅಂಚು. ಮುಂಗಾಲು ಊರಿದಷ್ಟೂ ಅಂಚು ಮುರಿಯುತ್ತದೆ, ಹತ್ತಲು ಹಿಡಿತವೇ ಸಿಗುವುದಿಲ್ಲ. ಹೊಲದ ಬಾವಿಯಲ್ಲೂ ಹೀಗೆಯೇ. ಮೇಲಿನ ಸಡಿಲ ಮಣ್ಣು ಆನೆಯ ತೂಕಕ್ಕೆ ಕುಸಿಯುತ್ತದೆ, ಕೆಳಗೆ ನೆಟ್ಟಗೆ ಕಡಿದ ಬಂಡೆ.

ಆದರೆ ಮಂಜುಗಡ್ಡೆಯನ್ನು ತೆಳುವಾಗಿಸಿದವರು ನಾವಲ್ಲ. ಬಾವಿ ತೋಡಿದವರು ನಾವು. ನನಗೆ ದೊಡ್ಡದಾಗಿ ಕಾಣುವ ವ್ಯತ್ಯಾಸ ಇದೇ.

ಆ ಬಾವಿಗಳನ್ನು ನೋಡಿದವರಿಗೆ ಗೊತ್ತು. ಸೇಲಂ, ಧರ್ಮಪುರಿಯ ನೆಲದಡಿ ಗಟ್ಟಿ ಬಂಡೆ. ಮದ್ದಿಟ್ಟು ಸಿಡಿಸಿ, ಅಗಲವಾಗಿ ಚೌಕವಾಗಿ ಕಡಿದ ಬಾವಿಗಳವು. ಕಪಿಲೆ ಹೊಡೆಯುತ್ತಿದ್ದ ಕಾಲದಲ್ಲಿ ಎತ್ತುಗಳು ಹಿಂದೆ ಮುಂದೆ ನಡೆಯಲು, ನೀರು ಕಾಲುವೆಗೆ ಸುರಿಯಲು ಒಂದು ಬದಿ ತೆರೆದೇ ಇರಬೇಕಿತ್ತು. ಆಗ ಬಾವಿಯ ಬಳಿ ದಿನವಿಡೀ ಜನ ಇರುತ್ತಿದ್ದರು, ಸುತ್ತ ಜಾಗ ಸವೆದು ಬಯಲಾಗಿರುತ್ತಿತ್ತು. ಆಮೇಲೆ ಪಂಪ್‌ಸೆಟ್ ಬಂತು, ಅದರ ಹಿಂದೆ ಬೋರ್‌ವೆಲ್. ನೀರು ನೂರಾರು ಅಡಿ ಕೆಳಗಿಳಿಯಿತು, ತೆರೆದ ಬಾವಿಗಳು ಒಣಗಿದವು. ಈಗ ಅಂಚಿನವರೆಗೂ ಲಾಂಟಾನ ಬೆಳೆದಿದೆ. ಕೆಲಸಕ್ಕೆ ಬಾರದ ಬಾವಿಯೇ ಹೆಚ್ಚು ಅಪಾಯದ್ದಾಗಿದೆ, ಏಕೆಂದರೆ ಅದರತ್ತ ಯಾರೂ ನೋಡುವುದಿಲ್ಲ.

ಬಿದ್ದ ಮೇಲೆ ಎತ್ತಲು ದಾರಿಗಳಿವೆ. ಆಳ ಕಡಿಮೆಯಿದ್ದರೆ ಜೆಸಿಬಿಯಿಂದ ಒಂದು ಬದಿ ಅಗೆದು ಇಳಿಜಾರು ಮಾಡುತ್ತಾರೆ, ಆನೆ ತಾನೇ ಹತ್ತಿ ಬರುತ್ತದೆ. 2020ರಲ್ಲೇ ಜಾರ್ಖಂಡದ ಗುಮ್ಲಾ ಜಿಲ್ಲೆಯಲ್ಲಿ ಬಾವಿಗೆ ನೀರು ತುಂಬಿಸಿ ಆನೆಯನ್ನು ತೇಲಿಸಿ ಮೇಲೆ ತಂದರು. ಮಂಪರಿನ ದಾರಿ ಎಲ್ಲಕ್ಕಿಂತ ಕಷ್ಟದ್ದು. ಕೆಳಗೆ ನೀರಿದ್ದರೆ ಜ್ಞಾನ ತಪ್ಪಿದ ಆನೆ ಮುಳುಗಬಹುದು. ಎದೆಯ ಮೇಲೆ ಕುಸಿದರೆ ತನ್ನ ಭಾರಕ್ಕೆ ತಾನೇ ಉಸಿರು ಕಟ್ಟಬಹುದು. ಪಂಚಪಳ್ಳಿಯಲ್ಲಿ ಆ ಲೆಕ್ಕ ಹಾಕಿ ಮದ್ದು ಕೊಟ್ಟ ವೈದ್ಯರಿಗೆ, ಬೆಲ್ಟು ಕಟ್ಟಲು ಬಾವಿಗಿಳಿದವರಿಗೆ ನಾನು ಕೈ ಮುಗಿಯುತ್ತೇನೆ.

ಎತ್ತಿದ ಮಾತ್ರಕ್ಕೆ ಎಲ್ಲವೂ ಮುಗಿಯುವುದಿಲ್ಲ. 2023ರ ಮಾರ್ಚ್‌ನಲ್ಲಿ ಧರ್ಮಪುರಿಯ ಪೆನ್ನಾಗರಂ ಕಡೆ ಹಿಂಡಿನಿಂದ ತಪ್ಪಿಸಿಕೊಂಡ ಪುಟ್ಟ ಗಂಡು ಮರಿಯೊಂದು ಹೊಲದ ಬಾವಿಗೆ ಬಿತ್ತು. ಮೇಲೆತ್ತಿದ್ದೇನೋ ಆಯಿತು, ಹಿಂಡಿಗೆ ಸೇರಿಸಲು ಆಗಲಿಲ್ಲ. ಅದನ್ನು ನೋಡಿಕೊಳ್ಳಲು ಮುದುಮಲೆಯ ತೆಪ್ಪಕಾಡು ಶಿಬಿರದಿಂದ ಬೊಮ್ಮನ್ ಬಂದರು. ‘ದಿ ಎಲಿಫೆಂಟ್ ವಿಸ್ಪರರ್ಸ್’ ಸಾಕ್ಷ್ಯಚಿತ್ರದ ಅದೇ ಬೊಮ್ಮನ್. ಆ ಚಿತ್ರಕ್ಕೆ ಲಾಸ್ ಏಂಜಲೀಸ್‌ನಲ್ಲಿ ಆಸ್ಕರ್ ಘೋಷಣೆಯಾದಾಗ ಅವರು ಈ ಮರಿಯ ಕೆಲಸದ ಮೇಲೆ ಊರು ಬಿಟ್ಟಿದ್ದರು. ಮರಿಯನ್ನು ತೆಪ್ಪಕಾಡಿಗೆ ಒಯ್ದು ಅವರೂ ಅವರ ಹೆಂಡತಿ ಬೆಳ್ಳಿಯೂ ಸಾಕಿದರು. ತಾಯಿಹಾಲಿಲ್ಲದ ಮರಿಗೆ ಬೇರೆ ಹಾಲು ಒಗ್ಗುವುದು ಕಷ್ಟ. ಭೇದಿ ಹಿಡಿದು ಆ ತಿಂಗಳು ಮುಗಿಯುವಷ್ಟರಲ್ಲಿ ಅದು ಸತ್ತಿತು.

ಕ್ರೇನು, ಕ್ಯಾಮೆರಾ, ಜನಜಾತ್ರೆಯ ಆ 16 ಗಂಟೆಗಳು ನಮ್ಮ ನೆನಪಿನಲ್ಲಿವೆ. ಅದಕ್ಕೂ ಮುಂಚೆ ಬಾವಿಯ ಸುತ್ತ ನಾಲ್ಕು ಸಾಲು ಕಲ್ಲು ಇಡದೆ ಹೋದ ವರ್ಷಗಳನ್ನು ಯಾರೂ ನೆನೆಯುವುದಿಲ್ಲ. ಗುಜರಾತಿನ ಗಿರ್ ಸುತ್ತಮುತ್ತ ಸಿಂಹಗಳು ಬಾವಿಗೆ ಬಿದ್ದು ಸಾಯುತ್ತಿದ್ದಾಗ, ಸಾವಿರಾರು ಹೊಲದ ಬಾವಿಗಳಿಗೆ ಕಟ್ಟೆ ಕಟ್ಟಿಸಿದರು. ಆನೆ ಸೀಮೆಯಲ್ಲಿ ಕಟ್ಟೆ ಇನ್ನೂ ಗಟ್ಟಿಯಾಗಿರಬೇಕು, ಕತ್ತಲಲ್ಲೂ ಎದ್ದು ಕಾಣಬೇಕು, ಅಷ್ಟೆ.

ಈ ಸಂಚಿಕೆ ಓದುವ ಹಲವರ ಹೆಸರಿನಲ್ಲಿ ಊರಲ್ಲಿ ಇನ್ನೂ ಜಮೀನಿದೆ. ಪಹಣಿಯಲ್ಲಿ, ತಮಿಳುನಾಡಿನವರಾದರೆ ಪಟ್ಟಾದಲ್ಲಿ, ನಮ್ಮ ಹೆಸರಿದೆ. ಆ ಜಮೀನಿನ ಮೂಲೆಯಲ್ಲಿ ಅಜ್ಜ ತೋಡಿಸಿದ ಒಣ ಬಾವಿಯೂ ಇದೆ. ನಮ್ಮ ದೊಡ್ಡಪ್ಪನ ಹೊಲದ ಬಾವಿಯ ಬಗ್ಗೆ ಅಣ್ಣನಿಗೆ ಫೋನ್ ಮಾಡಿದೆ. “ಮುಚ್ಚಿಸಿಬಿಡೋಣವಾ ಅಣ್ಣ?” ಎಂದು ಕೇಳಿದೆ. “ಮುಚ್ಚೋದು ಬೇಡಮ್ಮ, ಮಳೆ ನೀರು ಇಳಿಸಿದರೆ ಬೋರಿಗೆ ಜೀವ ಬರುತ್ತೆ. ಸುತ್ತ ಸೈಜುಗಲ್ಲಿನ ಕಟ್ಟೆ ಹಾಕಿಸೋಣ, ಒಂದು ಬದಿ ಒಳಗೆ ಮೆಟ್ಟಿಲು ಬಿಡಿಸೋಣ, ನಾಯಿ, ನರಿ ಬಿದ್ದರೂ ಹತ್ತಿಕೊಳ್ಳಲಿ” ಎಂದರು. ಖರ್ಚು ಇಬ್ಬರದೂ. ರಾಗಿ ತೆನೆ ಬಲಿಯುವ ಮುಂಚೆ ಕೆಲಸ ಮುಗಿಯಬೇಕೆಂದು ಮೇಸ್ತ್ರಿಗೆ ಹೇಳಿದ್ದಾರೆ. ನೀವೂ ಊರಿಗೊಮ್ಮೆ ಫೋನ್ ಮಾಡಿ, ಬಾವಿ ಹೇಗಿದೆ ಎಂದು ಕೇಳಿ.